ಶಾಸಕ ಲಿಂಕನ್

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹದಿನಾರನೆಯ ಅಧ್ಯಕ್ಷನೆಂದೂ ಗುಲಾಮರ ವಿಮೋಚಕನೆಂದೂ ಅಬ್ರಹಾಂ ಲಿಂಕನ್ನನ ಹೆಸರು ಲೋಕಪ್ರಸಿದ್ಧವಾಗಿದೆ. ಆ ಉನ್ನತ ಪದವಿಗೇರುವುದಕ್ಕೆ ಬಹಳ ಮೊದಲೇ ಅವನು ಇಲಿನಾಯ್ ರಾಜ್ಯದ ಶಾಸನಸಭೆಯ ಸದಸ್ಯನಾಗಿದ್ದನು. ಕೈಯಲ್ಲಿ ಕಾಸಿಲ್ಲದ ಯುವಕನೊಬ್ಬನು ಆ ಸಭೆಯಲ್ಲಿ ಕುಳಿತುಕೊಳ್ಳುವುದು ಹೇಗೆ ಸಾಧ್ಯವಾಯಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಲಿಂಕನ್ 1809ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲಿನಲ್ಲಿ ಜನಿಸಿದನು. ಶಾಲೆಯ ಕಲಿಕೆ ಅವನಿಗೆ ದೊರೆತದ್ದು ಅತ್ಯಲ್ಪ. 1831ರಲ್ಲಿ ಅವನು ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಸಣ್ಣ ಊರಿನಲ್ಲಿ ನೆಲೆಸಿದನು. ಮರುವರ್ಷ ಶಾಸನಸಭೆಯ ಚುನಾವಣೆಗೆ ನಿಂತು ಸೋತನು. ಪಾಲುದಾರನೊಡನೆ ಸೇರಿ ನಡೆಸಿದ ಅಂಗಡಿಯೂ ನಷ್ಟಕ್ಕೀಡಾಗಿ ಸಾಲದ ಹೊರೆ ಹೆಗಲೇರಿತು. ಊರಿನ ಅಂಚೆಯ ಕೆಲಸ ಮತ್ತು ಜಮೀನು ಅಳೆಯುವ ಕೆಲಸಗಳಿಂದ ಅವನ ಜೀವನ ಸಾಗುತ್ತಿತ್ತು.

1834ರ ಆಗಸ್ಟ್ ತಿಂಗಳಲ್ಲಿ ಅವನು ಪುನಃ ಸ್ಪರ್ಧಿಸಿ ಗೆದ್ದನು. ಆಗ ಅವನ ವಯಸ್ಸು ಇಪ್ಪತ್ತೈದು. ಆದರೆ ಸಭೆಗೆ ಹೋಗಲು ತಕ್ಕ ಉಡುಪೂ ಅವನಲ್ಲಿರಲಿಲ್ಲ. ಸ್ಮೂಟ್ ಎಂಬ ಪರಿಚಿತನಿಂದ 200 ಡಾಲರು ಸಾಲ ಪಡೆದು, ಅದರಲ್ಲಿ ಸುಮಾರು 60 ಡಾಲರಿಗೆ ಹೊಸ ಉಡುಪು ಹೊಲಿಸಿಕೊಂಡು, ಅಂದಿನ ರಾಜಧಾನಿಯಾದ ವಂಡೇಲಿಯಾಕ್ಕೆ ತೆರಳಿದನು.

ಸದಸ್ಯರಿಗೆ ಆಗ ದಿನಕ್ಕೆ 3 ಡಾಲರು ಭತ್ಯೆಯೂ ಪ್ರಯಾಣದ ವೆಚ್ಚವೂ ದೊರೆಯುತ್ತಿದ್ದವು. ಡಿಸೆಂಬರ್ 1ರಿಂದ ಫೆಬ್ರವರಿ 13ರವರೆಗೆ ನಡೆದ ಅಧಿವೇಶನಕ್ಕಾಗಿ ಲಿಂಕನ್ನನಿಗೆ ಸಂದದ್ದು ಒಟ್ಟು 258 ಡಾಲರು. ಅಧಿವೇಶನ ಮುಗಿದ ಮೇಲೆ ಉಳಿದ ತಿಂಗಳುಗಳ ಜೀವನೋಪಾಯವನ್ನು ಅವನೇ ನೋಡಿಕೊಳ್ಳಬೇಕಾಗಿತ್ತು. ಈ ಹಣದಿಂದ ಅವನ ಸಾಲ ತೀರುವಂತಿರಲಿಲ್ಲ. ಸಾಲಗಾರರ ದಾವೆಯಿಂದ ಅವನ ಕುದುರೆಯೂ ಅಳತೆಯ ಉಪಕರಣಗಳೂ ಜಪ್ತಿಯಾದವು. ಸ್ನೇಹಿತನೊಬ್ಬನು ಹರಾಜಿನಲ್ಲಿ ಅವನ್ನು ಕೊಂಡು ಹಿಂದಿರುಗಿಸಿದನು. 1835ರಲ್ಲಿ ಪಾಲುದಾರನು ತೀರಿಕೊಂಡಾಗ ಅವನ ಪಾಲಿನ ಸಾಲವನ್ನೂ ಲಿಂಕನ್ನನೇ ಹೊತ್ತು, ಅನೇಕ ವರ್ಷ ದುಡಿದು ತೀರಿಸಿದನು.

ಆ ಭತ್ಯೆ ಅಲ್ಪವೆಂಬುದು ನಿಜ. ಆದರೆ ಅಷ್ಟೂ ಇಲ್ಲದಿದ್ದರೆ, ತನ್ನ ದುಡಿಮೆಯನ್ನು ಹತ್ತು ವಾರಗಳ ಕಾಲ ಬಿಟ್ಟು ಬರುವುದು ಸಿರಿವಂತರಿಗೆ ಮಾತ್ರ ಸಾಧ್ಯವಾಗುತ್ತಿತ್ತು. ಬಡವರ ಬಾಳನ್ನು ಸ್ವತಃ ಬಾಳಿ ಬಲ್ಲವನಿಗೆ ಶಾಸನಸಭೆಯ ಬಾಗಿಲು ಮುಚ್ಚಿಹೋಗುತ್ತಿತ್ತು.

ಲಿಂಕನ್ ನಾಲ್ಕು ಬಾರಿ ಆಯ್ಕೆಯಾದನು. ಜೊತೆಯ ಶಾಸಕನಾಗಿದ್ದ ಸ್ಟುವರ್ಟ್ ಎಂಬ ವಕೀಲನು ಕಾನೂನು ಓದಲು ಅವನನ್ನು ಪ್ರೋತ್ಸಾಹಿಸಿ ಪುಸ್ತಕಗಳನ್ನು ಎರವಲು ಕೊಟ್ಟನು. 1836ರಲ್ಲಿ ಅವನಿಗೆ ವಕೀಲಿ ವೃತ್ತಿಯ ಅನುಮತಿ ದೊರೆಯಿತು. 1837ರಲ್ಲಿ, ಗುಲಾಮಗಿರಿಯನ್ನು ವಿರೋಧಿಸುವವರನ್ನು ಸಭೆಯು ಬಹುಮತದಿಂದ ಖಂಡಿಸಿದಾಗ, ಗುಲಾಮಗಿರಿಯು ಅನ್ಯಾಯದ ಮೇಲೆ ನಿಂತಿದೆಯೆಂದು ಸಾರುವ ಪ್ರತಿಭಟನೆಯನ್ನು ಇಬ್ಬರು ಸದಸ್ಯರು ಸಹಿ ಮಾಡಿ ಮಂಡಿಸಿದರು. ಅವರಲ್ಲಿ ಲಿಂಕನ್ ಒಬ್ಬನು. 1861ರಲ್ಲಿ ಅವನು ರಾಷ್ಟ್ರಾಧ್ಯಕ್ಷನಾದನು. 1863ರ ಜನವರಿ 1ರಂದು ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಿದನು. 1865ರ ಏಪ್ರಿಲ್ 15ರಂದು, ಹಂತಕನ ಗುಂಡಿಗೆ ಬಲಿಯಾಗಿ ಮರಣಹೊಂದಿದನು.

ಶಾಸಕನಿಗೆ ಕೊಡುವ ವೇತನವು ಅವನನ್ನು ಧನಿಕನನ್ನಾಗಿ ಮಾಡುವುದಕ್ಕಲ್ಲ. ಧನವಿಲ್ಲದವನೂ ಜನರ ಪರವಾಗಿ ನಿರ್ಭಯದಿಂದ ನುಡಿಯುವಂತೆ ಮಾಡುವುದಕ್ಕೆ. ದಿನದ 3 ಡಾಲರು ಲಿಂಕನ್ನನ ಸಾಲವನ್ನು ತೀರಿಸಲಿಲ್ಲ. ಆದರೆ ಅವನ ದನಿ ಸಭೆಯಲ್ಲಿ ಕೇಳಿಬರಲು ಅವು ನೆರವಾದವು.