ಸಾಕೇತ್ ರಾಜನ್: ಇತಿಹಾಸ ಬರೆದು ಕಾಡು ಸೇರಿದವರು

ಪಾವಗಡ ತಾಲ್ಲೂಕಿನಲ್ಲಿ ವೆಂಕಟಮ್ಮನಹಳ್ಳಿ ಎಂದರೆ ಹಿರಿಯರಿಗೆ ಈಗಲೂ ನೆನಪಾಗುವುದು 2005ರ ಫೆಬ್ರುವರಿ 10ರ ರಾತ್ರಿ. ಶಾಲೆಯ ಕಟ್ಟಡದಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ನಕ್ಸಲರು ದಾಳಿ ಮಾಡಿದರು. ಪೊಲೀಸರ ಜೊತೆ ಒಬ್ಬ ನಾಗರಿಕರೂ ಪ್ರಾಣ ಕಳೆದುಕೊಂಡರು. ನಾಲ್ಕು ದಿನ ಮೊದಲು ಚಿಕ್ಕಮಗಳೂರಿನ ಕಾಡಿನಲ್ಲಿ ನಡೆದ ಒಂದು ಸಾವಿಗೆ ಇದು ಸೇಡು ಎಂದೇ ಅಂದು ಸುದ್ದಿಯಾಯಿತು. ಸತ್ತವರ ಹೆಸರು ಸಾಕೇತ್ ರಾಜನ್. ನಮ್ಮ ವಯಸ್ಸಿನ ಹಲವರಿಗೆ ಆ ಹೆಸರು ಗೊತ್ತಿಲ್ಲ.

ಸಾಕೇತ್ ಬಡತನದಿಂದ ಬಂದವರಲ್ಲ. ಮೈಸೂರಿನ ಸೇನಾಧಿಕಾರಿಯೊಬ್ಬರ ಮಗ. ಮೈಸೂರಿನಲ್ಲಿ ಓದಿ, ಬಳಿಕ ದೆಹಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಕಲಿತರು. ಒಳ್ಳೆಯ ಇಂಗ್ಲಿಷ್, ಒಳ್ಳೆಯ ಓದು ಇತ್ತು. ಯಾವ ದೊಡ್ಡ ಪತ್ರಿಕೆಯಲ್ಲಾದರೂ ಕೆಲಸ ಸಿಗುತ್ತಿತ್ತು. ಆದರೆ ವಿದ್ಯಾರ್ಥಿ ದಿನಗಳಲ್ಲೇ ಹಿಡಿದ ಎಡಪಂಥೀಯ ವಿಚಾರ ಅವರನ್ನು ಭೂಗತ ಪಕ್ಷವೊಂದಕ್ಕೆ ಕರೆದೊಯ್ದಿತು. ಅಲ್ಲಿ ಅವರು ‘ಪ್ರೇಮ್’ ಆದರು.

ಬರವಣಿಗೆ ಮಾತ್ರ ಬಿಡಲಿಲ್ಲ. ‘ಸಾಕಿ’ ಎಂಬ ಹೆಸರಿನಲ್ಲಿ ಅವರು ಬರೆದ ‘ಮೇಕಿಂಗ್ ಹಿಸ್ಟರಿ’ ಕರ್ನಾಟಕದ ಜನರ ಮತ್ತು ಆರ್ಥಿಕತೆಯ ಚರಿತ್ರೆ. ಎರಡು ಸಂಪುಟಗಳ ಈ ಕೃತಿ ರಾಜರ ಬದಲು ರೈತರು, ಕೂಲಿಗಳು, ಕುಶಲಕರ್ಮಿಗಳನ್ನು ಮುಂದಿಟ್ಟಿತು. ಎರಡನೆಯ ಸಂಪುಟ ಬ್ರಿಟಿಷರ ವಿರುದ್ಧ ನಮ್ಮ ನಾಡಿನಲ್ಲಿ ನಡೆದ ಸಶಸ್ತ್ರ ದಂಗೆಗಳ ಕಥೆ. ಅವರ ರಾಜಕೀಯವನ್ನು ಒಪ್ಪದ ವಿದ್ವಾಂಸರೂ ಅದನ್ನು ಓದಿದರು. ಆದರೆ ಪರಕೀಯ ಆಳ್ವಿಕೆಯ ವಿರುದ್ಧ ಎದ್ದ ಜನರ ಹಾದಿಯೇ ಓಟು ಹಾಕುವ ಜನರಿಗೂ ಸರಿ ಎಂದು ಅವರು ನಂಬಿದರು. ನನ್ನ ಮಟ್ಟಿಗೆ ಅವರ ದುರಂತ ಶುರುವಾದದ್ದು ಇಲ್ಲಿಯೇ.

ರಾಯಚೂರು ಕಡೆ ಬೇರೂರಿದ್ದ ಚಳವಳಿ 2000ದ ಆಸುಪಾಸಿನಲ್ಲಿ ಮಲೆನಾಡಿಗೆ ಬಂತು. ಅಲ್ಲಿ ಕಾರಣ ಸಿದ್ಧವಾಗಿಯೇ ಇತ್ತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ತಲೆಮಾರುಗಳಿಂದ ಕಾಡಿನಲ್ಲಿದ್ದ ಮಲೆಕುಡಿಯರು, ಗೌಡಲು ಮುಂತಾದ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭಯ ಹುಟ್ಟಿತ್ತು. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ಮಾತ್ರ ನಡೆದೇ ಇತ್ತು. ಕಂಪನಿಗೆ ಜಾಗವಿದೆ, ನಮಗಿಲ್ಲವೇ ಎಂಬ ಪ್ರಶ್ನೆಗೆ ಕಚೇರಿಗಳಲ್ಲಿ ಉತ್ತರ ಸಿಗದಿದ್ದಾಗ ಕೆಲವು ಹುಡುಗ ಹುಡುಗಿಯರು ಬಂದೂಕಿನವರ ಮಾತು ಕೇಳಿದರು. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದು ಬಳಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು.

ಮರುವರ್ಷ ಗೌರಿ ಲಂಕೇಶ್ ಸೇರಿದಂತೆ ಕೆಲವು ಪತ್ರಕರ್ತರು ಕಾಡಿಗೆ ಹೋಗಿ ಸಾಕೇತ್ ಅವರನ್ನು ಕಂಡರು. ಶಾಂತಿ ಮಾತುಕತೆಯ ಯತ್ನವೂ ನಡೆಯಿತು, ಫಲಿಸಲಿಲ್ಲ. 2005ರ ಫೆಬ್ರುವರಿ 6ರಂದು ಮೆಣಸಿನಹಾಡ್ಯದ ಬಳಿ ಸಾಕೇತ್ ಮತ್ತು ಸಂಗಾತಿ ಶಿವಲಿಂಗು ಪೊಲೀಸರ ಗುಂಡಿಗೆ ಸತ್ತರು. ಪತ್ನಿ ರಾಜೇಶ್ವರಿ ಕೆಲವು ವರ್ಷ ಮೊದಲೇ ಆಂಧ್ರದಲ್ಲಿ ಹೀಗೆಯೇ ಸತ್ತಿದ್ದರು. ಕೆಲವೇ ತಿಂಗಳಲ್ಲಿ ಅದೇ ಮೆಣಸಿನಹಾಡ್ಯದ ಬಡವರೊಬ್ಬರನ್ನು ಮಾಹಿತಿದಾರ ಎಂಬ ಗುಮಾನಿಯಿಂದ ನಕ್ಸಲರು ಕೊಂದರು. ಯಾರಿಗಾಗಿ ಬಂದೂಕು ಹಿಡಿದರೋ ಅವರ ಎದೆಗೇ ಅದು ತಿರುಗಿತು.

ನಮ್ಮ ಪಾವಗಡದ ಕಥೆ ಬೇರೆಯಲ್ಲ. ಮೂರು ಕಡೆ ಆಂಧ್ರ, ಮೇಲೆ ಮಳೆ ಕೊಡದ ಆಕಾಶ, ಕೆಳಗೆ ಫ್ಲೋರೈಡ್ ನೀರು. ಕಡ್ಲೆಕಾಯಿ ಕೈಕೊಟ್ಟರೆ ಬೆಂಗಳೂರಿಗೆ ಗುಳೆ. ಭೂಮಿಯ ಜಗಳ, ಜಾತಿಯ ದರ್ಪ, ಗಡಿಯಾಚೆಯ ಬಣ ರಾಜಕೀಯ ಎಲ್ಲವೂ ಇತ್ತು. ಗಡಿ ದಾಟಿ ಬಂದ ಉಗ್ರವಾದಕ್ಕೆ ಇಲ್ಲಿನ ಸಿಟ್ಟು ಒಣಹುಲ್ಲಾಯಿತು. ಆದರೆ ಶಾಲೆಯಲ್ಲಿ ಸತ್ತ ಪೊಲೀಸರು ಯಾವ ಜಮೀನುದಾರರು? ಅವರೂ ಸಂಬಳ ನಂಬಿದ ಸಾಮಾನ್ಯರ ಮಕ್ಕಳೇ. ಆ ರಾತ್ರಿಯಿಂದ ಒಂದು ಕೊಳವೆಬಾವಿಗೂ ನೀರು ಬರಲಿಲ್ಲ. ಬಂದದ್ದು ಪೊಲೀಸ್ ತನಿಖೆ, ಊರಿಗೆ ಅಂಟಿದ ಹೆಸರು.

ಸಾಕೇತ್ ಹಿಡಿದಿದ್ದ ದಾರಿಯಲ್ಲೇ ಇದ್ದ ಸಿರಿಮನೆ ನಾಗರಾಜ್, ನೂರ್ ಜುಲ್ಫಿಕರ್ 2014ರಲ್ಲಿ ಮುಖ್ಯವಾಹಿನಿಗೆ ಮರಳಿದರು. 2025ರ ಜನವರಿಯಲ್ಲಿ ಮುಂಡಗಾರು ಲತಾ ಸೇರಿ ಆರು ಮಂದಿ ಬೆಂಗಳೂರಿನಲ್ಲಿ ಶರಣಾದರು. ಕಾಡಿನಲ್ಲಿ ಬಂದೂಕು ಸದ್ದಡಗಿದೆ. ಅದರ ಹಿಂದಿದ್ದ ಪ್ರಶ್ನೆಗಳು ಮಾತ್ರ ಶರಣಾಗಿಲ್ಲ. ತಿರುಮಣಿಯ ಸೋಲಾರ್ ಪಾರ್ಕ್‌ಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ವರ್ಷಕ್ಕಿಷ್ಟು ಹಣ ಬರುತ್ತದೆ. ಆದರೆ ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರು ಏನು ಮಾಡಬೇಕು? ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ, ಪತ್ರಿಕೆಯಲ್ಲಿ, ಕೋರ್ಟಿನಲ್ಲಿ ಗಟ್ಟಿಯಾಗಿ ಕೇಳುವ ಯುವಕರು ಊರೂರಿಗೆ ಬೇಕು. ಕೇಳಿಸಿಕೊಳ್ಳುವ ಅಧಿಕಾರಿಗಳೂ ಬೇಕು. ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಕಾಡಿನ ದಾರಿ ಮತ್ತೆ ತೆರೆದುಕೊಳ್ಳುತ್ತದೆ. ಸಾಕೇತ್ ರಾಜನ್ ಅವರ ಪುಸ್ತಕ ಇಂದೂ ಗ್ರಂಥಾಲಯದಲ್ಲಿ ಓದಲು ಸಿಗುತ್ತದೆ, ಅವರ ಬಂದೂಕಿನಿಂದ ಯಾರಿಗೂ ಏನೂ ಸಿಗಲಿಲ್ಲ.