ಗಣಕದ ಕನಸು ಕಂಡ ಬ್ಯಾಬೇಜ್

1821ನೆಯ ಇಸವಿ. ಲಂಡನ್ ನಗರದಲ್ಲಿ ಇಬ್ಬರು ತರುಣ ಗಣಿತಜ್ಞರು ಸಂಖ್ಯೆಗಳು ತುಂಬಿದ ಹಾಳೆಗಳನ್ನು ಮುಂದಿರಿಸಿಕೊಂಡು ಕುಳಿತಿದ್ದರು. ಒಂದೇ ಲೆಕ್ಕವನ್ನು ಇಬ್ಬರು ಲೆಕ್ಕಿಗರು ಬೇರೆ ಬೇರೆಯಾಗಿ ಮಾಡಿ ಕೊಟ್ಟಿದ್ದರು. ಎರಡೂ ಹೊಂದುತ್ತವೆಯೇ ಎಂದು ಒಬ್ಬನು ಓದಿದಂತೆ ಇನ್ನೊಬ್ಬನು ಒರೆಹಚ್ಚಿ ನೋಡಬೇಕಾಗಿತ್ತು. ಖಗೋಳ ಸಂಘಕ್ಕಾಗಿ ಸಿದ್ಧಪಡಿಸಿದ್ದ ಆ ಕೋಷ್ಟಕಗಳಲ್ಲಿ ಸಾಲು ಸಾಲಿಗೂ ತಪ್ಪುಗಳು ತಲೆದೋರಿದವು. ಬೇಸತ್ತ ಒಬ್ಬನು, ಈ ಲೆಕ್ಕಗಳನ್ನೆಲ್ಲ ಉಗಿಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಉದ್ಗರಿಸಿದನು. ಅದು ಅಸಾಧ್ಯವೇನಲ್ಲ ಎಂದು ಗೆಳೆಯನು ಉತ್ತರಿಸಿದನು. ಉದ್ಗರಿಸಿದವನು ಚಾರ್ಲ್ಸ್ ಬ್ಯಾಬೇಜ್. ಉತ್ತರಿಸಿದವನು ಮುಂದೆ ಖಗೋಳಶಾಸ್ತ್ರಜ್ಞನೆಂದು ಹೆಸರಾದ ಜಾನ್ ಹರ್ಷೆಲ್. ಆ ದಿನ ಹೊಳೆದ ವಿಚಾರ ಬ್ಯಾಬೇಜನನ್ನು ಮತ್ತೆ ಐವತ್ತು ವರ್ಷ, ಅವನ ಕೊನೆಯುಸಿರಿನವರೆಗೂ, ಬಿಡಲಿಲ್ಲ.

ಸಂಖ್ಯೆಯ ತಪ್ಪುಗಳಿಗೆ ಇಷ್ಟೊಂದು ಚಿಂತೆ ಏಕೆಂದು ಇಂದಿನವರಿಗೆ ಅನಿಸಬಹುದು. ಆಗ ನಡುಗಡಲಿನಲ್ಲಿದ್ದ ನಾವಿಕನು ತನ್ನ ಹಡಗು ಎಲ್ಲಿದೆಯೆಂಬುದನ್ನು ಚಂದ್ರನ ಮತ್ತು ನಕ್ಷತ್ರಗಳ ಸ್ಥಾನವನ್ನು ಅಳೆದು, ಮುದ್ರಿತ ಕೋಷ್ಟಕಗಳ ನೆರವಿನಿಂದ ಕಂಡುಕೊಳ್ಳುತ್ತಿದ್ದನು. ಎಂಜಿನಿಯರನಿಗೂ ಭೂಮಾಪಕನಿಗೂ ಲಾಗರಿತಮ್ ಕೋಷ್ಟಕವೇ ಆಧಾರ. ಲೆಕ್ಕ ಹಾಕುವಾಗ ಒಂದು ತಪ್ಪು, ನಕಲು ಮಾಡುವಾಗ ಇನ್ನೊಂದು, ಅಚ್ಚುಮೊಳೆ ಜೋಡಿಸುವಾಗ ಮತ್ತೊಂದು, ಹೀಗೆ ತಪ್ಪುಗಳು ಒಂದರ ಮೇಲೊಂದು ಸೇರುತ್ತಿದ್ದವು. ಒಂದು ಅಂಕಿ ಏರುಪೇರಾದರೆ ಹಡಗು ಬಂಡೆಗೆ ಬಡಿಯುವ ಅಪಾಯವಿತ್ತು. ಇಂಗ್ಲಿಷಿನ ಕಂಪ್ಯೂಟರ್ ಎಂಬ ಪದ ಆ ಕಾಲದಲ್ಲಿ ಯಂತ್ರವನ್ನು ಸೂಚಿಸುತ್ತಿರಲಿಲ್ಲ. ದಿನವಿಡೀ ಕುಳಿತು ಲೆಕ್ಕ ಮಾಡುವ ಮನುಷ್ಯನೇ ಕಂಪ್ಯೂಟರ್.

ಬ್ಯಾಬೇಜ್ ಹುಟ್ಟಿದ್ದು 1791ರ ಡಿಸೆಂಬರ್ 26ರಂದು, ಲಂಡನ್ನಿನಲ್ಲಿ. ತಂದೆ ಬೆಂಜಮಿನ್ ಅನುಕೂಲಸ್ಥನಾದ ಬ್ಯಾಂಕಿನ ವ್ಯವಹಾರಗಾರ. ಬಾಲಕನಿಗೆ ಆಟಿಕೆ ತಂದುಕೊಟ್ಟರೆ ಅದರೊಳಗೆ ಏನಿದೆಯೆಂದು ಬಿಚ್ಚಿ ನೋಡುವವರೆಗೂ ಸಮಾಧಾನವಿರಲಿಲ್ಲ. ಒಮ್ಮೆ ತಾಯಿಯೊಡನೆ ಯಂತ್ರಗಳ ಪ್ರದರ್ಶನಕ್ಕೆ ಹೋದಾಗ, ತಾನಾಗಿಯೇ ನರ್ತಿಸುವ ಬೆಳ್ಳಿಯ ಗೊಂಬೆಯೊಂದನ್ನು ಕಂಡು ಮರುಳಾದನು. ಎಷ್ಟೋ ವರ್ಷಗಳ ಅನಂತರ ಅದು ಹರಾಜಿಗೆ ಬಂದಾಗ ಕೊಂಡುತಂದು, ಸರಿಪಡಿಸಿ, ತನ್ನ ಮನೆಯಲ್ಲಿ ಇಟ್ಟುಕೊಂಡನು. ಜ್ವರದಿಂದ ನರಳಿ ಕೃಶನಾಗಿದ್ದ ಹುಡುಗನನ್ನು ಹಳ್ಳಿಯ ಶಾಲೆಗೆ ಕಳುಹಿಸುವಾಗ, ಇವನ ಮೆದುಳಿಗೆ ಹೆಚ್ಚು ಶ್ರಮ ಕೊಡಬಾರದೆಂದು ಹಿರಿಯರು ತಿಳಿಸಿದ್ದರಂತೆ. ಆ ಎಚ್ಚರಿಕೆಯನ್ನು ಹುಡುಗ ಪಾಲಿಸಲಿಲ್ಲ. ಮುಂದೆ ಎನ್‌ಫೀಲ್ಡಿನ ಶಾಲೆಯಲ್ಲಿ ಬೆಳಗಿನ ಜಾವ ಮೂರು ಗಂಟೆಗೆ ಎದ್ದು, ಒಬ್ಬ ಸಹಪಾಠಿಯೊಡನೆ ಕದ್ದುಮುಚ್ಚಿ ಬೀಜಗಣಿತ ಓದುತ್ತಿದ್ದನು.

1810ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಅವನಿಗೆ ನಿರಾಶೆ ಕಾದಿತ್ತು. ಅಲ್ಲಿಯ ಅಧ್ಯಾಪಕರಿಗಿಂತ ಹೆಚ್ಚಿನ ಗಣಿತವನ್ನು ಅವನು ಮೊದಲೇ ಓದಿಕೊಂಡಿದ್ದನು. ಹರ್ಷೆಲ್ ಮತ್ತು ಜಾರ್ಜ್ ಪೀಕಾಕ್ ಮುಂತಾದ ಗೆಳೆಯರೊಡನೆ 1812ರಲ್ಲಿ ಒಂದು ಸಂಘ ಕಟ್ಟಿ, ಕಲನಶಾಸ್ತ್ರದಲ್ಲಿ ನ್ಯೂಟನ್ನನ ಚುಕ್ಕೆಯ ಸಂಕೇತಗಳನ್ನು ಬಿಟ್ಟು ಲೈಬ್ನಿಟ್ಸನ ಸಂಕೇತಗಳನ್ನು ಬಳಸಬೇಕೆಂದು ವಾದಿಸಿದನು. ಇದು ಹುಡುಗಾಟವಾಗಿರಲಿಲ್ಲ. ಒಳ್ಳೆಯ ಬರವಣಿಗೆಯ ಸಂಕೇತ ಯೋಚನೆಯ ಅರ್ಧ ಭಾರವನ್ನು ಇಳಿಸುತ್ತದೆಯೆಂಬ ಅರಿವು ಅವನ ಎಲ್ಲ ಕೆಲಸದಲ್ಲಿಯೂ ಕಾಣುತ್ತದೆ. 1814ರಲ್ಲಿ ಪದವಿ ಪಡೆದು, ಅದೇ ವರ್ಷ ಜಾರ್ಜಿಯಾನಾಳನ್ನು ಮದುವೆಯಾದನು. 1816ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಯಂತ್ರವು ಲೆಕ್ಕ ಮಾಡುವುದೆಂದರೆ ಹೇಗೆ? ಗುಣಾಕಾರ, ಭಾಗಾಕಾರಗಳ ಗೊಡವೆಯಿಲ್ಲದೆ ಬರಿಯ ಸಂಕಲನದಿಂದಲೇ ಕೋಷ್ಟಕ ರಚಿಸುವ ಒಂದು ಹಳೆಯ ವಿಧಾನ ಗಣಿತಜ್ಞರಿಗೆ ತಿಳಿದಿತ್ತು. ಬ್ಯಾಬೇಜ್ ಮೆಚ್ಚಿಕೊಂಡಿದ್ದ ಒಂದು ಸೂತ್ರವನ್ನೇ ತೆಗೆದುಕೊಳ್ಳೋಣ. ಯಾವುದಾದರೊಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಬೇಕು. ಸೊನ್ನೆಯಿಂದ ಆರಂಭಿಸಿದರೆ 41, 43, 47, 53, 61 ಎಂಬ ಬೆಲೆಗಳು ಬರುತ್ತವೆ. ಇವುಗಳ ನಡುವಣ ವ್ಯತ್ಯಾಸ 2, 4, 6, 8. ಆ ವ್ಯತ್ಯಾಸಗಳ ವ್ಯತ್ಯಾಸ ಯಾವಾಗಲೂ 2. ಇಷ್ಟು ತಿಳಿದ ಮೇಲೆ ವರ್ಗ ಮಾಡುವ ಅಗತ್ಯವೇ ಇಲ್ಲ. 8ಕ್ಕೆ 2 ಕೂಡಿಸಿದರೆ 10. 61ಕ್ಕೆ 10 ಕೂಡಿಸಿದರೆ ಮುಂದಿನ ಬೆಲೆ 71. ಸಂಕಲನವನ್ನು ಹಲ್ಲಿನ ಚಕ್ರಗಳಿಂದ ಮಾಡಿಸಬಹುದು. ಹತ್ತು ಅಂಕಿಗಳನ್ನು ಕೆತ್ತಿದ ಚಕ್ರಗಳನ್ನು ಕಂಬಗಳಿಗೆ ಪೋಣಿಸಿ, ಒಂದು ಕಂಬದ ಸಂಖ್ಯೆ ಪಕ್ಕದ ಕಂಬಕ್ಕೆ ಕೂಡುವಂತೆ ಮಾಡಿದರೆ, ಹಿಡಿ ತಿರುಗಿಸುತ್ತ ಹೋದಂತೆ ಕೋಷ್ಟಕ ಬೆಳೆಯುತ್ತದೆ. ಉತ್ತರವನ್ನು ಯಂತ್ರವೇ ಅಚ್ಚೊತ್ತಬೇಕೆಂಬುದು ಬ್ಯಾಬೇಜನ ಇನ್ನೊಂದು ನಿಯಮ. ಮನುಷ್ಯನ ಕೈ ಸೋಕಿದಲ್ಲೆಲ್ಲ ತಪ್ಪು ನುಸುಳುತ್ತದೆಯೆಂದು ಅವನು ಕಂಡಿದ್ದನು. ಇದಕ್ಕೆ ವ್ಯತ್ಯಾಸ ಯಂತ್ರವೆಂದು ಹೆಸರಾಯಿತು.

1822ರಲ್ಲಿ ಚಿಕ್ಕ ಮಾದರಿಯೊಂದು ಸಿದ್ಧವಾಯಿತು. ಮರುವರ್ಷ ಸರ್ಕಾರ 1,500 ಪೌಂಡ್ ಮಂಜೂರು ಮಾಡಿತು. ಜೋಸೆಫ್ ಕ್ಲೆಮೆಂಟ್ ಎಂಬ ನಿಪುಣ ಯಂತ್ರಶಿಲ್ಪಿ ಕೆಲಸಕ್ಕೆ ನಿಂತನು. ಪೂರ್ಣ ಯಂತ್ರಕ್ಕೆ ಬೇಕಾದ ಬಿಡಿಭಾಗಗಳು ಸುಮಾರು 25,000; ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಸಮನಾಗಿರಬೇಕಾದ ಚಕ್ರಗಳು ಸಾವಿರಾರು. ಅಂಥ ಸೂಕ್ಷ್ಮ ಕೆಲಸಕ್ಕೆ ಬೇಕಾದ ಉಪಕರಣಗಳನ್ನೇ ಮೊದಲು ನಿರ್ಮಿಸಿಕೊಳ್ಳಬೇಕಾಯಿತು. ವರ್ಷಗಳು ಉರುಳಿದವು. ಈ ನಡುವೆ 1827 ಅವನ ಪಾಲಿಗೆ ಕರಾಳ ವರ್ಷವಾಯಿತು. ತಂದೆ, ಒಬ್ಬ ಮಗ, ಪ್ರಿಯಪತ್ನಿ, ಆಗತಾನೆ ಹುಟ್ಟಿದ ಕೂಸು, ಎಲ್ಲರನ್ನೂ ಒಂದೇ ವರ್ಷದಲ್ಲಿ ಕಳೆದುಕೊಂಡನು. ಮನಶ್ಶಾಂತಿಗಾಗಿ ಯೂರೋಪಿನ ದೇಶಗಳನ್ನು ಸುತ್ತುತ್ತಿದ್ದಾಗಲೇ, ಹಿಂದೆ ನ್ಯೂಟನ್ ಅಲಂಕರಿಸಿದ್ದ ಕೇಂಬ್ರಿಜ್‌ನ ಪ್ರಾಧ್ಯಾಪಕ ಪೀಠಕ್ಕೆ 1828ರಲ್ಲಿ ಅವನ ಆಯ್ಕೆಯಾಯಿತು. ಆ ಪೀಠದಲ್ಲಿ ಹನ್ನೊಂದು ವರ್ಷ ಇದ್ದರೂ ಅವನು ಅಲ್ಲಿ ಪಾಠ ಹೇಳಲಿಲ್ಲವೆಂಬುದು ಸೋಜಿಗ.

1832ರ ಹೊತ್ತಿಗೆ ಯಂತ್ರದ ಏಳನೆಯ ಒಂದು ಭಾಗ ಮಾತ್ರ ಜೋಡಣೆಯಾಗಿತ್ತು. ಅದನ್ನು ತನ್ನ ಮನೆಯ ಸಭಾಂಗಣದಲ್ಲಿರಿಸಿ ಬ್ಯಾಬೇಜ್ ಅತಿಥಿಗಳಿಗೆ ತೋರಿಸುತ್ತಿದ್ದನು. ಸಂಖ್ಯೆಗಳು ಎರಡೆರಡರಂತೆ ಏರುತ್ತ ಹೋಗಿ, ನೋಡುವವರಿಗೆ ಇದು ಹೀಗೆಯೇ ಎಂದು ನಂಬಿಕೆ ಬಂದಾಗ, ಒಮ್ಮೆಲೇ ಬೇರೊಂದು ನಿಯಮದಂತೆ ಜಿಗಿಯುತ್ತಿದ್ದವು. ಅತಿಥಿಗಳು ಬೆರಗಾಗುತ್ತಿದ್ದರು. ಆ ಜಿಗಿತವನ್ನು ಅವನು ಮೊದಲೇ ಯಂತ್ರಕ್ಕೆ ವಿಧಿಸಿಟ್ಟಿರುತ್ತಿದ್ದನು. ಆದರೂ ಬಂದವರಲ್ಲಿ ಬಹಳ ಮಂದಿ ಪಕ್ಕದಲ್ಲಿದ್ದ ಬೆಳ್ಳಿಯ ಗೊಂಬೆಯ ಸುತ್ತಲೇ ನೆರೆಯುತ್ತಿದ್ದರು.

ಮರುವರ್ಷ ಕಾರ್ಯಾಗಾರದ ಸ್ಥಳಾಂತರದ ವೆಚ್ಚದ ವಿಷಯದಲ್ಲಿ ಬ್ಯಾಬೇಜನಿಗೂ ಕ್ಲೆಮೆಂಟನಿಗೂ ಮನಸ್ತಾಪ ಬಂದು ಕೆಲಸ ನಿಂತಿತು. ಅಂದಿನ ಕಸುಬಿನ ಪದ್ಧತಿಯಂತೆ ಉಪಕರಣಗಳು ಶಿಲ್ಪಿಗೇ ಸೇರಿದವು. ಸರ್ಕಾರ ಅದುವರೆಗೆ 17,000 ಪೌಂಡಿಗೂ ಮಿಗಿಲಾಗಿ ವೆಚ್ಚ ಮಾಡಿತ್ತು. 1842ರಲ್ಲಿ ಅದು ಯಂತ್ರದ ಆಸೆಯನ್ನೇ ಕೈಬಿಟ್ಟಿತು. ಪ್ರಧಾನಿ ರಾಬರ್ಟ್ ಪೀಲನನ್ನು ಕಂಡು ಒಲಿಸಿಕೊಳ್ಳಲು ಹೋದ ಬ್ಯಾಬೇಜ್ ತಾಳ್ಮೆಗೆಟ್ಟು ಜಗಳವಾಡಿ ಹಿಂತಿರುಗಿದನು. ಅವನ ಬುದ್ಧಿಯಷ್ಟೇ ನಾಲಗೆಯೂ ಹರಿತ. ಬರಬೇಕಾದ ನೆರವನ್ನು ಅದು ಎಷ್ಟೋ ಸಲ ಕೆಡಿಸಿತು. ಸರ್ಕಾರದ ದೃಷ್ಟಿಯಿಂದ ನೋಡಿದರೆ ಅವರ ಬೇಸರಕ್ಕೂ ಕಾರಣವಿತ್ತು: ಮೊದಲನೆಯ ಯಂತ್ರ ಮುಗಿಯುವ ಮೊದಲೇ ಅವನು ಅದಕ್ಕಿಂತ ದೊಡ್ಡ ಇನ್ನೊಂದು ಯಂತ್ರದ ಮಾತೆತ್ತಿದ್ದನು.

ಆ ಎರಡನೆಯದೇ ವಿಶ್ಲೇಷಣ ಯಂತ್ರ. 1834ರಲ್ಲಿ ಅದರ ಕಲ್ಪನೆ ಮೂಡಿತು. ವ್ಯತ್ಯಾಸ ಯಂತ್ರಕ್ಕೆ ಒಂದೇ ಬಗೆಯ ಕೆಲಸ ಗೊತ್ತು; ಇದಾದರೋ ಹೇಳಿದ ಯಾವ ಲೆಕ್ಕವನ್ನಾದರೂ ಮಾಡಬಲ್ಲುದು. ಸಂಖ್ಯೆಗಳನ್ನು ಕೂಡಿಡುವ ಭಾಗಕ್ಕೆ ಉಗ್ರಾಣವೆಂದೂ ಲೆಕ್ಕ ನಡೆಯುವ ಭಾಗಕ್ಕೆ ಗಿರಣಿಯೆಂದೂ ಅವನು ಹೆಸರಿಟ್ಟನು. ಯಾವಾಗ ಏನು ಮಾಡಬೇಕೆಂದು ತಿಳಿಸಲು ಫ್ರಾನ್ಸಿನ ಜಕಾರ್ಡನ ಮಗ್ಗದಿಂದ ಉಪಾಯವನ್ನು ಎರವಲು ಪಡೆದನು. ಆ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳ ಸರಣಿ ಯಾವ ಎಳೆ ಮೇಲೇಳಬೇಕೆಂಬುದನ್ನು ನಿರ್ಧರಿಸುತ್ತದೆ. ಕರ್ನಾಟಕದ ರೇಷ್ಮೆ ಸೀರೆಯ ಮಗ್ಗಗಳಲ್ಲಿಯೂ ಸೆರಗಿನ ಹೂಬಳ್ಳಿಗಳು ಇಂಥ ರಟ್ಟುಗಳಿಂದ ಮೂಡಿವೆ. ಬ್ಯಾಬೇಜನ ರಟ್ಟುಗಳು ಹೂವಿಗೆ ಬದಲು ಬೀಜಗಣಿತವನ್ನು ನೇಯಬೇಕಾಗಿತ್ತು. ಒಮ್ಮೆ ಸಿದ್ಧಪಡಿಸಿದ ರಟ್ಟುಗಳನ್ನು ಕಾದಿಟ್ಟರೆ ಅದೇ ಲೆಕ್ಕವನ್ನು ಎಂದು ಬೇಕಾದರೂ ಮತ್ತೆ ಮಾಡಿಸಬಹುದು, ಹೀಗೆ ಯಂತ್ರಕ್ಕೆ ತನ್ನದೇ ಆದ ಗ್ರಂಥಭಂಡಾರ ಬೆಳೆಯುತ್ತದೆ ಎಂದು ಅವನು ಬರೆದನು. ಲಾಗರಿತಮ್ ಬೇಕಾದಾಗ ಯಂತ್ರ ಗಂಟೆ ಬಾರಿಸಿ ಕೇಳುತ್ತದೆ. ಪರಿಚಾರಕನು ತಪ್ಪು ರಟ್ಟು ತಂದರೆ ತಾನೇ ಪರೀಕ್ಷಿಸಿ ಇನ್ನೂ ಜೋರಾಗಿ ಗಂಟೆ ಬಾರಿಸುತ್ತದೆ!

ಈ ಯಂತ್ರದ ಮಹತ್ವವನ್ನು ಚೆನ್ನಾಗಿ ಅರಿತವಳು ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್. 1833ರಲ್ಲಿ ಬ್ಯಾಬೇಜನನ್ನು ಮೊದಲು ಕಂಡಾಗ ಆಕೆಗೆ ಹದಿನೇಳು ವರ್ಷ. ಇಟಲಿಯ ಮೆನಾಬ್ರಿಯ ಈ ಯಂತ್ರದ ಬಗ್ಗೆ ಫ್ರೆಂಚಿನಲ್ಲಿ ಬರೆದ ಲೇಖನವನ್ನು ಆಕೆ 1843ರಲ್ಲಿ ಇಂಗ್ಲಿಷಿಗೆ ತಂದಳು; ಮೂಲಕ್ಕಿಂತ ಬಹಳ ದೀರ್ಘವಾದ ಟಿಪ್ಪಣಿಗಳನ್ನು ಸೇರಿಸಿದಳು. ಸಂಖ್ಯೆಗಳಿಗಷ್ಟೇ ಅಲ್ಲ, ನಿಯಮಕ್ಕೆ ಒಳಪಟ್ಟರೆ ಸಂಗೀತದ ಸ್ವರಗಳಿಗೂ ಯಂತ್ರ ಅನ್ವಯಿಸೀತೆಂಬುದು ಆಕೆಯ ಊಹೆ. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಕಂಡುಹಿಡಿಯಲು ಯಂತ್ರ ಕೈಗೊಳ್ಳಬೇಕಾದ ಕ್ರಮಗಳನ್ನು 25 ಹಂತಗಳ ಪಟ್ಟಿಯಾಗಿ ಕೊಟ್ಟಿದೆ. ಇಂಥ ಕ್ರಮಪಟ್ಟಿಗಳನ್ನು ಬ್ಯಾಬೇಜನೂ ಅದಕ್ಕೆ ಮೊದಲು ರಚಿಸಿದ್ದುಂಟು. ಆದರೆ ಅಚ್ಚಾಗಿ ಜಗತ್ತಿಗೆ ದೊರೆತ ಪ್ರೌಢವಾದ ಕ್ರಮವಿಧಿ ಇದೇ. ಇಂದು ಪೈಥಾನಿನಂಥ ಸ್ಕ್ರಿಪ್ಟ್ ಭಾಷೆಯಲ್ಲಿ ಅದೇ ಲೆಕ್ಕವನ್ನು ಕೆಲವೇ ಸಾಲುಗಳಲ್ಲಿ ಬರೆದು ಕೂಡಲೇ ಓಡಿಸಿ ನೋಡಬಹುದು. ವಿಜ್ಞಾನಿಗಳು ಸಿದ್ಧಪಡಿಸಿಟ್ಟಿರುವ ನಂಪೈ, ಸೈಪೈ ಮುಂತಾದ ಕ್ರಮವಿಧಿಗಳ ಸಂಗ್ರಹಗಳು ಬ್ಯಾಬೇಜ್ ಕಲ್ಪಿಸಿದ ಗ್ರಂಥಭಂಡಾರದ ಜಾತಿಯವೇ ಆಗಿವೆ. ಆಕೆಯ ಪಟ್ಟಿಯನ್ನು ಇದ್ದುದಿದ್ದಂತೆ ಗಣಕಕ್ಕೆ ಕೊಟ್ಟವರಿಗೆ ಮಾತ್ರ ಸರಿಯಾದ ಉತ್ತರ ಬರುವುದಿಲ್ಲ. ನಾಲ್ಕನೆಯ ಹಂತದಲ್ಲಿ ಭಾಜ್ಯವೂ ಭಾಜಕವೂ ಅದಲುಬದಲಾಗಿ ಅಚ್ಚಾಗಿವೆ.

ಏಡಾ 1852ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ವಿಶ್ಲೇಷಣ ಯಂತ್ರ ನಕ್ಷೆಗಳಲ್ಲಿಯೇ ಉಳಿಯಿತು. ಅದರಿಂದ ಕಲಿತ ಪಾಠಗಳನ್ನು ಬಳಸಿ ಬ್ಯಾಬೇಜ್ 1847ರಿಂದ 1849ರವರೆಗೆ ಶ್ರಮಿಸಿ, ಮೂರನೆಯ ಒಂದು ಪಾಲು ಭಾಗಗಳಿಂದಲೇ ಆಗಬಹುದಾದ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆ ರಚಿಸಿದನು. ಸರ್ಕಾರ ಅದನ್ನೂ ಒಲ್ಲೆನೆಂದಿತು. ಸ್ವೀಡನ್ನಿನ ಶೂಟ್ಸ್ ಎಂಬ ತಂದೆಮಕ್ಕಳು ಅವನ ವಿಚಾರವನ್ನೇ ಹಿಡಿದು ತಮ್ಮ ಯಂತ್ರವನ್ನು ಕಟ್ಟಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆದಾಗ, ಹೊಟ್ಟೆಕಿಚ್ಚು ಪಡದೆ ಅವರನ್ನು ಕೊಂಡಾಡಿದುದು ಈ ಕೋಪಿಷ್ಠನ ದೊಡ್ಡ ಗುಣ. ಮುಪ್ಪಿನಲ್ಲಿ ಬೀದಿಯ ವಾದ್ಯಗಾರರ ಗದ್ದಲದ ಮೇಲೆ ಅವನು ಸಮರ ಹೂಡಿದನು. ನೆರೆಹೊರೆಯವರು ಬೇಕೆಂದೇ ಅವನ ಕಿಟಕಿಯ ಕೆಳಗೆ ವಾದ್ಯ ಊದಿಸಿದರು. 1871ರ ಅಕ್ಟೋಬರ್ 18ರಂದು ಅವನು ನಿಧನನಾದನು. ಶವಯಾತ್ರೆಗೆ ಬಂದವರು ಕೆಲವೇ ಮಂದಿ.

ಅಂದಿನ ಕೈಗೆಲಸಕ್ಕೆ ಇಂಥ ಯಂತ್ರ ಸಾಧ್ಯವೇ ಇರಲಿಲ್ಲವೆಂದು ಬಹುಕಾಲ ಜನ ನಂಬಿದ್ದರು. ಅದನ್ನು ಪರೀಕ್ಷಿಸಲು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1985ರಲ್ಲಿ ಮುಂದಾದರು. ಎರಡನೆಯ ವ್ಯತ್ಯಾಸ ಯಂತ್ರದ ಮೂಲ ನಕ್ಷೆಗಳನ್ನೇ ಹಿಡಿದು, ಬ್ಯಾಬೇಜನ ಕಾಲದವರು ಸಾಧಿಸಬಹುದಾಗಿದ್ದ ನಯಕ್ಕಿಂತ ಹೆಚ್ಚಿನ ನಯವನ್ನು ಬಳಸದೆ, ಕಂಚು ಮತ್ತು ಉಕ್ಕುಗಳ ಸುಮಾರು 4,000 ಭಾಗಗಳನ್ನು ಜೋಡಿಸಿದರು. 1991ರಲ್ಲಿ, ಅವನು ಹುಟ್ಟಿದ ಇನ್ನೂರನೆಯ ವರ್ಷದಲ್ಲಿ, ಯಂತ್ರದ ಹಿಡಿಯನ್ನು ತಿರುಗಿಸಿದಾಗ 31 ಅಂಕಿಗಳ ಉತ್ತರಗಳು ತಪ್ಪಿಲ್ಲದೆ ಮೂಡಿದವು. ಪೈಥಾನ್ ಭಾಷೆ ಮೊದಲು ಹೊರಬಂದದ್ದೂ ಅದೇ ವರ್ಷ. ಯಂತ್ರದ ಅಚ್ಚೊತ್ತುವ ಭಾಗ 2002ರಲ್ಲಿ ಪೂರ್ಣಗೊಂಡಿತು.