ಕೈರೋದ ಪಿಟೀಲುಗಾರನ ಮಗಳು

ಫ್ರಾನ್ಸ್ ದೇಶದ ಜನರು ತಮ್ಮವಳೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗಾಯಕಿ ದಾಲಿದಾ ಹುಟ್ಟಿದ್ದು ಈಜಿಪ್ಟಿನಲ್ಲಿ. ತಂದೆತಾಯಿಗಳು ಇಟಲಿಯವರು. ಲೋಕವೆಲ್ಲ ಬಲ್ಲ ಆ ಹೆಸರು ಕೂಡ ಹುಟ್ಟಿನಿಂದ ಬಂದುದಲ್ಲ. ಕನ್ನಡದ ಪಾಠ ಹೇಳುವವನಿಗೆ ಪ್ಯಾರಿಸ್ಸಿನ ಹಾಡುಗಾರ್ತಿಯ ಗೊಡವೆ ಏಕೆಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗೆ ಫ್ರೆಂಚ್ ಬಾರದು. ಆದರೆ ಒಂದು ಅನುಮಾನ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಸಾಹಿತ್ಯದ ಬಳಗದವರಾದ ನಾವು ಕವಿಗೆ ಮಣೆ ಹಾಕುತ್ತೇವೆ. ಸ್ವರ ಸಂಯೋಜಿಸಿದವನನ್ನೂ ನೆನೆಯುತ್ತೇವೆ. ಇನ್ನೊಬ್ಬರ ಮಾತನ್ನು ಇನ್ನೊಬ್ಬರ ಮಟ್ಟಿನಲ್ಲಿ ಹಾಡಿದವರನ್ನು, ಅದರಲ್ಲಿಯೂ ಜನ ಕುಣಿಯಲೆಂದು ಹಾಡಿದವರನ್ನು, ಕಲಾವಿದರ ಪಂಕ್ತಿಯಲ್ಲಿ ಕೂರಿಸಲು ಮಾತ್ರ ಹಿಂದೆಮುಂದೆ ನೋಡುತ್ತೇವೆ. ಈ ಹಿಂಜರಿಕೆ ಸರಿಯೆ ಎಂಬುದನ್ನು ದಾಲಿದಾಳ ಬಾಳಿನಷ್ಟು ಖಂಡಿತವಾಗಿ ಕೇಳುವ ಬಾಳು ಮತ್ತೊಂದು ನನಗೆ ಗೊತ್ತಿಲ್ಲ.

ಆಕೆಯ ನಿಜವಾದ ಹೆಸರು ಯೋಲಾಂದಾ ಜಿಲ್ಯೊತ್ತಿ. ಹುಟ್ಟಿದ್ದು 1933ರ ಜನವರಿ 17ರಂದು, ಕೈರೋ ನಗರದ ಶುಬ್ರಾ ಎಂಬ ಕೇರಿಯಲ್ಲಿ. ಅರಬರು, ಇಟಾಲಿಯನ್ನರು, ಗ್ರೀಕರು ಒಂದೇ ಬೀದಿಯಲ್ಲಿ ಬಾಳುತ್ತಿದ್ದ ಕಾಲ ಅದು. ಮನೆಯವರ ಮೂಲ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಪ್ರಾಂತದ ಒಂದು ಬೆಟ್ಟದೂರು. ತಂದೆ ಪಿಯೆತ್ರೊ ಕೈರೋದ ಒಪೆರಾ ಮಂದಿರದಲ್ಲಿ ಪಿಟೀಲು ನುಡಿಸುತ್ತಿದ್ದ. ತಾಯಿ ಬಟ್ಟೆ ಹೊಲಿಯುತ್ತಿದ್ದಳು. ಕೂಸು ಇನ್ನೂ ವರ್ಷ ತುಂಬುವ ಮೊದಲೇ ಕಣ್ಣಿನ ಬೇನೆಗೆ ಸಿಕ್ಕಿತು. ವೈದ್ಯರು ವಾರಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಸಿದರು. ಪಟ್ಟಿ ಬಿಚ್ಚಿದಾಗ ಕಣ್ಣು ಮೆಳ್ಳೆಯಾಗಿತ್ತು. ಶಸ್ತ್ರಚಿಕಿತ್ಸೆಗಳು, ದಪ್ಪ ಗಾಜಿನ ಕನ್ನಡಕ, ಶಾಲೆಯ ಮಕ್ಕಳ ಅಣಕ, ಇವೆಲ್ಲದರ ನಡುವೆ ಬಾಲ್ಯ ಕಳೆಯಿತು. ಮುಂದೆ ಯೂರೋಪಿನ ಅತ್ಯಂತ ಸುಂದರಿಯರಲ್ಲಿ ಒಬ್ಬಳೆನಿಸಿಕೊಂಡ ಈಕೆ ತಾನು ಚೆಲುವೆಯೆಂದು ಕಡೆಯವರೆಗೂ ಪೂರ್ತಿಯಾಗಿ ನಂಬಲಿಲ್ಲವೆಂದು ಬಲ್ಲವರು ಬರೆದಿದ್ದಾರೆ.

ಎರಡನೆಯ ಮಹಾಯುದ್ಧದಲ್ಲಿ ಇಟಲಿ ಜರ್ಮನಿಯ ಪಕ್ಷ ಸೇರಿತು. ಈಜಿಪ್ಟಿನಲ್ಲಿದ್ದ ಬ್ರಿಟಿಷರು 1940ರಲ್ಲಿ ಅಲ್ಲಿನ ಇಟಾಲಿಯನ್ ಗಂಡಸರನ್ನು ಹಿಡಿದು ಶಿಬಿರಗಳಿಗೆ ತಳ್ಳಿದರು. ಪಿಯೆತ್ರೊ ಕೂಡ ಹೋದ. ಹುಡುಗಿಗೆ ಆಗ ಏಳು ವರ್ಷ. ನಾಲ್ಕು ವರ್ಷದ ಮೇಲೆ ಹಿಂದಿರುಗಿದವನು ಬೇರೆಯೇ ಮನುಷ್ಯನಾಗಿದ್ದ. ಸಿಡುಕು, ಹೊಡೆತ, ಮೌನ. 1945ರಲ್ಲಿ ತೀರಿಕೊಂಡ. ಪಿಟೀಲಿನ ಇಂಪನ್ನೂ ಕೈಯ ಪೆಟ್ಟನ್ನೂ ಒಬ್ಬನೇ ತಂದೆಯಿಂದ ಪಡೆದ ಮಗು ಮುಂದೆ ಪ್ರೀತಿಯನ್ನು ಹೇಗೆ ಅರ್ಥ ಮಾಡಿಕೊಂಡಿತು ಎಂಬುದನ್ನು ಮನಶ್ಶಾಸ್ತ್ರಜ್ಞರು ಹೇಳಲಿ.

ಶಾಲೆ ಮುಗಿಸಿ ಔಷಧದ ಕಂಪೆನಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು 1954ರಲ್ಲಿ ಈಜಿಪ್ಟಿನ ಸುಂದರಿಯೆಂಬ ಬಿರುದನ್ನು ಗೆದ್ದಳು. ಒಂದೆರಡು ಚಲನಚಿತ್ರಗಳಲ್ಲಿ ಚಿಕ್ಕಪುಟ್ಟ ಪಾತ್ರಗಳೂ ದೊರೆತವು. ಅದೇ ವರ್ಷದ ಕ್ರಿಸ್ಮಸ್ ದಿನ ನಟಿಯಾಗುವ ಆಸೆಯಿಂದ ಪ್ಯಾರಿಸ್ಸಿಗೆ ಬಂದಿಳಿದಳು. ಸಿನಿಮಾದವರು ಯಾರೂ ಕರೆಯಲಿಲ್ಲ. ಹೊಟ್ಟೆಪಾಡಿಗೆ ರಾತ್ರಿಯ ಹೋಟೆಲುಗಳಲ್ಲಿ ಹಾಡತೊಡಗಿದಳು. ಮೊದಲು ಇಟ್ಟುಕೊಂಡಿದ್ದ ಹೆಸರು ದಲೀಲಾ. ಬೈಬಲ್ಲಿನಲ್ಲಿ ಸ್ಯಾಮ್ಸನ್ನನ ತಲೆ ಬೋಳಿಸಿದ ಹೆಣ್ಣಿನ ಹೆಸರು ಶುಭವಲ್ಲವೆಂದು ಒಬ್ಬ ಲೇಖಕ ಸೂಚಿಸಿದ ಮೇಲೆ ಒಂದೇ ಅಕ್ಷರ ಬದಲಾಗಿ ಅದು ದಾಲಿದಾ ಆಯಿತು.

1956ರ ಏಪ್ರಿಲ್‌ನಲ್ಲಿ ಒಲಿಂಪಿಯಾ ರಂಗಮಂದಿರದಲ್ಲಿ ಹೊಸ ಗಾಯಕರ ಸ್ಪರ್ಧೆ ನಡೆಯಿತು. ಅಲ್ಲಿ ಕುಳಿತಿದ್ದ ಇಬ್ಬರು ಮುಂದಿನದನ್ನೆಲ್ಲ ನಿರ್ಣಯಿಸಿದರು. ಒಬ್ಬ, ಧ್ವನಿಮುದ್ರಿಕೆಗಳ ಉದ್ಯಮಿ ಎಡ್ಡಿ ಬಾರ್ಕ್ಲೆ. ಇನ್ನೊಬ್ಬ, ಯೂರೋಪ್ 1 ರೇಡಿಯೊ ನಿಲಯದ ಕಾರ್ಯಕ್ರಮಗಳ ಯಜಮಾನ ಲೂಸಿಯೆಂ ಮೊರಿಸ್. ಅದೇ ವರ್ಷ ‘ಬ್ಯಾಂಬಿನೊ’ ಎಂಬ ಹಾಡು ಹೊರಬಂದಿತು. ಮೂಲತಃ ಅದು ನೇಪಲ್ಸಿನ ಆಡುಭಾಷೆಯ ಹಾಡು. ಮೊರಿಸ್ ಅದನ್ನು ತನ್ನ ನಿಲಯದಿಂದ ಹೊತ್ತುಗೊತ್ತಿಲ್ಲದೆ ಬಿತ್ತರಿಸಿದ. 1957ರ ಸೆಪ್ಟೆಂಬರಿನಲ್ಲಿ ಮೂರು ಲಕ್ಷ ತಟ್ಟೆಗಳ ಮಾರಾಟಕ್ಕಾಗಿ ಆಕೆಗೆ ಚಿನ್ನದ ತಟ್ಟೆಯ ಮರ್ಯಾದೆ ಸಂದಿತು. ಒಂದು ಸಣ್ಣ ಸಂಗತಿಯನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. ಪ್ಯಾರಿಸ್ಸಿನವರು ರಕಾರವನ್ನು ಗಂಟಲಿನ ಆಳದಲ್ಲಿ ಉಜ್ಜಿ ನುಡಿಯುತ್ತಾರೆ. ದಾಲಿದಾಳ ರಕಾರ ನಮ್ಮದರಂತೆ ನಾಲಗೆಯ ತುದಿಯಲ್ಲಿ ಹೊರಳುತ್ತಿತ್ತು. ಆ ಪರದೇಶಿ ಉಚ್ಚಾರಣೆಯನ್ನು ಆಕೆ ತಿದ್ದಿಕೊಳ್ಳಲಿಲ್ಲ. ಜನ ಅದನ್ನೇ ಮೆಚ್ಚಿದರು.

1961ರಲ್ಲಿ ಮೊರಿಸ್‌ನನ್ನು ಮದುವೆಯಾದಳು. ಕೆಲವೇ ತಿಂಗಳಲ್ಲಿ ಬಿಟ್ಟು ಬಂದಳು. ಅಷ್ಟರಲ್ಲಿ ಅಮೆರಿಕದ ರಾಕ್ ಸಂಗೀತದ ಮರಿ ಫ್ರಾನ್ಸಿನಲ್ಲಿ ಹುಟ್ಟಿತ್ತು. ಹದಿಹರೆಯದ ಹುಡುಗ ಹುಡುಗಿಯರು ಗಿಟಾರ್ ಹಿಡಿದು ಬಂದರು. ಹಳೆಯ ತಲೆಮಾರಿನ ಎಷ್ಟೋ ಗಾಯಕರು ಆ ಅಲೆಯಲ್ಲಿ ಕೊಚ್ಚಿಹೋದರು. ದಾಲಿದಾ ಅದನ್ನೂ ಹಾಡಿ ದಾಟಿದಳು. ಆ ವರ್ಷಗಳ ವಿವರ ನಮಗೆ ಬೇಡ.

1967ರ ಜನವರಿಯ ಸಂಗತಿಯನ್ನು ಬಿಡುವಂತಿಲ್ಲ. ಇಟಲಿಯ ಸಾನ್ ರೆಮೊದಲ್ಲಿ ವರ್ಷವರ್ಷ ನಡೆಯುವ ಗೀತಸ್ಪರ್ಧೆಯಲ್ಲಿ ಆಗ ಒಂದೊಂದು ಹಾಡನ್ನು ಇಬ್ಬರು ಬೇರೆ ಬೇರೆಯಾಗಿ ಹಾಡುವ ಪದ್ಧತಿಯಿತ್ತು. ಲುಯಿಜಿ ಟೆಂಕೊ ಎಂಬ 28 ವರ್ಷದ ಕವಿಗಾಯಕನ ಹಾಡನ್ನು ಅವನೂ ದಾಲಿದಾಳೂ ಹಾಡಿದರು. ಹೊಲಗದ್ದೆ ಬಿಟ್ಟು ಪಟ್ಟಣಕ್ಕೆ ಹೋಗುವವನ ಅಳಲು ಅದರ ವಸ್ತು. ಇಬ್ಬರೂ ಪ್ರೇಮಿಗಳು. ತೀರ್ಪುಗಾರರು ಹಾಡನ್ನು ತಳ್ಳಿಹಾಕಿದರು. ಆ ರಾತ್ರಿಯೇ ಟೆಂಕೊ ಹೋಟೆಲಿನ ಕೋಣೆಯಲ್ಲಿ ಪ್ರಾಣ ಬಿಟ್ಟಿದ್ದ. ಮೊದಲು ಕಂಡವಳು ದಾಲಿದಾ. ತಿಂಗಳು ತುಂಬುವಷ್ಟರಲ್ಲಿ ಆಕೆಯೂ ಪ್ರಾಣ ಕಳೆದುಕೊಳ್ಳಲೆತ್ನಿಸಿದಳು. ಐದು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದು ಬದುಕಿದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಳಿಯ ನಿಲುವಂಗಿ ಧರಿಸಿ ಮತ್ತೆ ಒಲಿಂಪಿಯಾದ ವೇದಿಕೆಗೆ ಬಂದಾಗ ಸಭೆಗೆ ಸಭೆಯೇ ಎದ್ದು ನಿಂತಿತು.

ಮುಂದಿನ ಮೂರುನಾಲ್ಕು ವರ್ಷ ಆಕೆ ಓದಿದಳು, ತನ್ನನ್ನು ತಾನು ಶೋಧಿಸಿಕೊಂಡಳು. ಫ್ರಾಯ್ಡ್, ಯೂಂಗ್ ಮೊದಲಾದವರನ್ನು ಓದಿದಳು. ಭಾರತಕ್ಕೂ ಬಂದು ಹೋದಳು. ಇಂಥ ಯಾತ್ರೆಗಳ ಬಗೆಗೆ ನಾವು ಅಗತ್ಯಕ್ಕಿಂತ ಹೆಚ್ಚು ಬೀಗುವುದುಂಟು. ಅದರಿಂದ ಆಕೆಯ ಅಳಲು ತೀರಿತೆಂದು ಹೇಳಲು ಆಧಾರವಿಲ್ಲ. ಹಾಡುಗಳ ಆಯ್ಕೆ ಬದಲಾದುದು ಮಾತ್ರ ನಿಜ. ಬಾರ್ಕ್ಲೆಯ ಸಂಸ್ಥೆಯನ್ನು ಬಿಟ್ಟು, ಒರ್ಲಾಂದೊ ಎಂಬ ಹೆಸರಿಟ್ಟುಕೊಂಡಿದ್ದ ತಮ್ಮನೊಡನೆ ತನ್ನದೇ ಸಂಸ್ಥೆ ತೆರೆದಳು. 1971ರಲ್ಲಿ ಈ ಹೊಸ ಗಂಭೀರ ಧಾಟಿಯನ್ನು ಒಲಿಂಪಿಯಾದ ಒಡೆಯ ನಂಬದಾಗ ಮಂದಿರವನ್ನು ತಾನೇ ಬಾಡಿಗೆಗೆ ಹಿಡಿದು ಹಾಡಿ ತುಂಬಿಸಿದಳು. 1973ರಲ್ಲಿ ನಟ ಅಲೇಂ ದೆಲೋಂ ಜೊತೆಗಿನ ‘ಪರೋಲ್ ಪರೋಲ್’ ಬಂದಿತು. 1974ರ ‘ಜಿಜಿ ಲಾಮೊರೊಸೊ’ ಏಳು ನಿಮಿಷಕ್ಕೂ ಮೀರಿದ ಕಥನಗೀತೆ. ಹಳ್ಳಿಯ ಚೆಲುವನೊಬ್ಬ ಅಮೆರಿಕಕ್ಕೆ ಹೋಗಿ, ಸೋತು, ಮರಳಿ ಬರುವ ಕಥೆ. ಹಾಡಿನ ನಡುವೆ ಮಾತು, ಮಾತಿನ ನಡುವೆ ಜನರ ಗದ್ದಲ, ಮತ್ತೆ ಹಾಡು. ಹರಿಕಥೆ ಕೇಳಿ ಬೆಳೆದ ನಮ್ಮವರಿಗೆ ಆ ಕಟ್ಟು ಕೂಡಲೇ ಗುರುತು ಸಿಗುತ್ತದೆ.

ಇನ್ನು ಡಿಸ್ಕೊ. ಈ ಪದದ ಪ್ರಯಾಣವೇ ಸೊಗಸಾದುದು. ಫ್ರೆಂಚಿನಲ್ಲಿ ಗ್ರಂಥಾಲಯಕ್ಕೆ ಬಿಬ್ಲಿಯೊತೆಕ್ ಎನ್ನುತ್ತಾರೆ. ಅದೇ ಅಚ್ಚಿನಲ್ಲಿ ಗ್ರಾಮಫೋನ್ ತಟ್ಟೆಗಳ ಆಲಯಕ್ಕೆ ಡಿಸ್ಕೊತೆಕ್ ಎಂಬ ಮಾತು ಹುಟ್ಟಿತು. ವಾದ್ಯಗಾರರಿಲ್ಲದೆ ತಟ್ಟೆಗಳನ್ನೇ ಹಾಕಿ ಕುಣಿಯುವ ಮನೆಗಳಿಗೆ ಆ ಹೆಸರು ನಿಂತಿತು. ಮಾತು ಅಟ್ಲಾಂಟಿಕ್ ದಾಟಿ, ಬಾಲ ಕತ್ತರಿಸಿಕೊಂಡು, 1970ರ ದಶಕದಲ್ಲಿ ಅಮೆರಿಕದ ಕರಿಯರ ಸಂಗೀತದ ಹುರುಪಿನೊಡನೆ ತವರಿಗೆ ಮರಳಿತು. ಅದರ ಲಕ್ಷಣ ಸರಳ. ನಾಲ್ಕು ಪೆಟ್ಟಿನ ಆವರ್ತದಲ್ಲಿ ನಾಲ್ಕಕ್ಕೂ ದೊಡ್ಡ ಡ್ರಮ್ಮಿನ ಒಂದೇ ತೂಕದ ಗುದ್ದು. ನಿಮಿಷಕ್ಕೆ ಸುಮಾರು 120. ಆ ನಡೆ ಎಲ್ಲಿಯೂ ತಡೆಯುವುದಿಲ್ಲ, ನಿಟ್ಟುಸಿರು ಬಿಡುವುದಿಲ್ಲ. ಮೇಲೆ ಪಿಟೀಲುಗಳ ಮೇಳ. ಮಾತಿಗೆ ಅಲ್ಲಿ ಗೌರವವಿಲ್ಲವೆಂದು ಪಂಡಿತರು ದೂರಿದರು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ.

ಆದರೆ ದಾಲಿದಾ ಆ ತಾಳಕ್ಕೆ ಆರಿಸಿಕೊಂಡದ್ದೇನು? 1975ರಲ್ಲಿ ಮುದ್ರಿಸಿ, ಮರುವರ್ಷ ಎಲ್ಲೆಡೆ ಮೊಳಗಿದ ‘ಝಾತಾಂದ್ರೆ’, ಎಂದರೆ ಕಾದಿರುವೆ ಎಂಬ ಹಾಡು. ಫ್ರೆಂಚ್ ಭಾಷೆಯ ಮೊದಮೊದಲ ಡಿಸ್ಕೊ ಗೀತೆಗಳಲ್ಲಿ ಅದನ್ನು ಎಣಿಸುತ್ತಾರೆ. ಅದು ಹೊಸ ಹಾಡಲ್ಲ. 1938ರಲ್ಲಿ ರೀನಾ ಕೆತ್ತಿ ಎಂಬವಳು ಅದನ್ನು ಫ್ರೆಂಚಿನಲ್ಲಿ ಹಾಡಿದ್ದಳು. ಅವಳೂ ಇಟಲಿಯಿಂದ ಬಂದವಳೇ, ಹಾಡೂ ಇಟಲಿಯದೇ. ಮರುವರ್ಷ ಯುದ್ಧ ಬಂದಿತು. ರಣರಂಗಕ್ಕೆ ಹೋದವರನ್ನು ಹಗಲಿರುಳು ಕಾದ ಹೆಂಗಸರ ಹಾಡಾಗಿ ಅದು ಉಳಿಯಿತು. ಅದರ ಸ್ವರದ ಎಳೆಗೆ ಇನ್ನೂ ಹಳೆಯ ಮೂಲವಿದೆಯೆಂದು ಬಲ್ಲವರು ಹೇಳುತ್ತಾರೆ. ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ ಒಪೆರಾದಲ್ಲಿ, ಬಾರದ ಗಂಡನಿಗಾಗಿ ಹೆಣ್ಣೊಬ್ಬಳು ರಾತ್ರಿಯೆಲ್ಲ ಕಾಯುವಾಗ ಮರೆಯಿಂದ ಕೇಳಿಬರುವ, ಮಾತೇ ಇಲ್ಲದ ಮೇಳಗಾನವೊಂದಿದೆ. ಅದರ ಛಾಯೆ ಇಲ್ಲಿದೆಯೆಂದು. ಒಪೆರಾದ ಪಿಟೀಲುಗಾರನ ಮಗಳು, ಶಿಬಿರಕ್ಕೆ ಹೋದ ತಂದೆಯನ್ನು ಏಳನೆಯ ವಯಸ್ಸಿನಿಂದ ಕಾದವಳು, ಈ ಹಾಡನ್ನೇ ಕೈಗೆತ್ತಿಕೊಂಡದ್ದು ವ್ಯಾಪಾರದ ಲೆಕ್ಕಾಚಾರ ಮಾತ್ರವೆ? ಇರಬಹುದು. ನನಗಂತೂ ಹಾಗೆನಿಸುವುದಿಲ್ಲ. ವಿಪ್ರಲಂಭ ಶೃಂಗಾರಕ್ಕೆ ವಿಳಂಬಿತ ಗತಿಯೇ ತಕ್ಕುದೆಂದು ನಾವು ಒಪ್ಪಿಬಿಟ್ಟಿದ್ದೇವೆ. ಈಕೆ ಅಗಲಿಕೆಯ ಮಾತನ್ನು, ಕಾಯಲು ಒಂದು ಕ್ಷಣವನ್ನೂ ಕೊಡದ ತಾಳದ ಮೇಲೆ ಇಟ್ಟಳು. ಕೆಳಗೆ ಗುದ್ದು ನಿಲ್ಲದೆ ನಡೆಯುತ್ತದೆ. ಮೇಲೆ ಆ ಕೊಂಚ ಗಡುಸಾದ ತಗ್ಗಿನ ಕಂಠ ತನ್ನ ಪಾಡಿಗೆ ಕಾಯುತ್ತದೆ. ಕುಣಿಯುವವರು ಕುಣಿದರು. ಕೇಳುವವರಿಗೆ ಕೇಳಿಸಬೇಕಾದದ್ದೂ ಕೇಳಿಸಿತು. ಮಾರ್ಗಕ್ಕೆ ದೇಸಿಯ ಉಡುಪು ತೊಡಿಸಿದರೆ ಮಾರ್ಗ ಕೆಡುವುದಿಲ್ಲವೆಂಬುದನ್ನು ಪಂಪನನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1977ರಲ್ಲಿ ಈಜಿಪ್ಟಿನ ಸಯ್ಯಿದ್ ದರ್ವೀಶನ ಹಳೆಯ ಗೀತೆಯೊಂದರ ಆಧಾರದ ಮೇಲೆ ‘ಸಲ್ಮಾ ಯಾ ಸಲಾಮಾ’ವನ್ನು ಅರಬ್ಬಿಯಲ್ಲಿ ಹಾಡಿದಳು. ಹುಟ್ಟಿದ ಊರಿನ ಬೀದಿಯ ಭಾಷೆ ಇಪ್ಪತ್ತು ವರ್ಷದ ಮೇಲೆ ಆಕೆಯ ಬಾಯಿಗೆ ಬಂದಿತು. ಅರಬ್ ದೇಶಗಳೆಲ್ಲ ಕಿವಿಗೊಟ್ಟವು. ಫ್ರೆಂಚ್, ಇಟಾಲಿಯನ್, ಜರ್ಮನ್ ರೂಪಗಳೂ ಬಂದವು. 1978ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಹಾಡಿದಳು. 1979ರಲ್ಲಿ ನನ್ನನ್ನು ಕುಣಿಯಬಿಡಿ ಎಂಬರ್ಥದ ಹೆಸರಿನ ಹಾಡು ಆ ವರ್ಷದ ಬೇಸಗೆಯನ್ನೆಲ್ಲ ಆಳಿತು. 1980ರ ಜನವರಿಯಲ್ಲಿ ಪ್ಯಾರಿಸ್ಸಿನ ಕ್ರೀಡಾ ಅರಮನೆಯಲ್ಲಿ ಸಾಲಾಗಿ ಅನೇಕ ರಾತ್ರಿ ದೊಡ್ಡ ಪ್ರದರ್ಶನ ನಡೆಸಿದಳು. ನೃತ್ಯ ಸಂಯೋಜನೆ ‘ಸ್ಯಾಟರ್ಡೆ ನೈಟ್ ಫೀವರ್’ ಚಿತ್ರದ ಲೆಸ್ಟರ್ ವಿಲ್ಸನ್‌ನದು. ಒಂದರ ಮೇಲೊಂದು ಉಡುಪು ಬದಲಿಸಿ, ಹಾಡಿ, ಕುಣಿದಳು. ಆ ತಿಂಗಳು ಆಕೆಗೆ 47 ತುಂಬಿತು.

ಇದನ್ನು ಪತನವೆಂದು ಬರೆದವರಿದ್ದಾರೆ. ಅಳುವ ಹಾಡಿನ ಗಾಯಕಿ ಮಿಣುಕು ಬಟ್ಟೆಯ ನರ್ತಕಿಯಾದಳಂತೆ. ಹೊರಗಿನಿಂದ ನೋಡುವ ನನಗೆ ಈ ಮಾತಿನಲ್ಲಿ ಒಂದು ಜಾಣ ಅನ್ಯಾಯ ಕಾಣುತ್ತದೆ. ದುಃಖಪಟ್ಟ ಹೆಣ್ಣು ದುಃಖದ ಹಾಡನ್ನೇ ಹಾಡುತ್ತಿರಬೇಕೆಂಬ ಬಯಕೆ ಕೇಳುಗರದು. ಅದನ್ನು ಕಲೆಯ ಹೆಸರಿನಲ್ಲಿ ಹೇರುವುದು ಸುಲಭ. ಕತ್ತಲೆಯನ್ನು ಅಷ್ಟು ಬಲ್ಲವಳು ಐದಾರು ವರ್ಷ ಕುಣಿಯಲು ಬಯಸಿದರೆ ಆ ಬಯಕೆಯೂ ಆಕೆಯ ಬಾಳಿನ ಸತ್ಯವೇ. ಮೊರಿಸ್ 1970ರಲ್ಲಿ ತಾನಾಗಿ ಪ್ರಾಣ ಕಳೆದುಕೊಂಡಿದ್ದ. ಹಲವು ವರ್ಷ ಜೊತೆಗಿದ್ದು ಬೇರೆಯಾದ ರಿಶಾರ್ ಶಾಂಫ್ರೆಯೂ 1983ರಲ್ಲಿ ಹಾಗೆಯೇ ಹೋದ. ಪ್ರೀತಿಸಿದ ಮೂವರು! ಪತ್ರಿಕೆಗಳು ಆಕೆಯನ್ನೇ ಅಪಶಕುನದಂತೆ ಚಿತ್ರಿಸಿದವು. ಸತ್ತ ಗಂಡಸರ ಲೆಕ್ಕವನ್ನು ಬದುಕಿದ ಹೆಣ್ಣಿನ ಖಾತೆಗೆ ಬರೆಯುವ ಈ ಚಾಳಿ ಒಂದೇ ದೇಶದ್ದಲ್ಲ.

1985ರಲ್ಲಿ ಕಣ್ಣಿನ ಹಳೆಯ ತೊಂದರೆ ಮರುಕಳಿಸಿ ಮತ್ತೆ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬಂದದ್ದು, ನನ್ನ ಎಣಿಕೆಯಲ್ಲಿ, ಆಕೆಯ ಬಾಳಿನ ಅತ್ಯಂತ ನಿರಾಡಂಬರವಾದ ಕೆಲಸ. ಈಜಿಪ್ಟಿನ ಹೆಸರಾಂತ ನಿರ್ದೇಶಕ ಯೂಸುಫ್ ಶಾಹೀನ್, ಆಂದ್ರೆ ಶೆದಿದ್ ಎಂಬ ಲೇಖಕಿಯ ‘ಆರನೆಯ ದಿನ’ ಎಂಬ ಕಾದಂಬರಿಯನ್ನು 1986ರಲ್ಲಿ ಚಿತ್ರವಾಗಿಸಿದ. ಕಾಲ 1947ರ ಕಾಲರಾ ಮಾರಿಯದು. ರೋಗ ತಗಲಿದವನು ಆರನೆಯ ದಿನ ಸಾಯುತ್ತಾನೆ, ಇಲ್ಲವೆ ಮರುಹುಟ್ಟು ಪಡೆಯುತ್ತಾನೆ ಎಂಬ ನಂಬಿಕೆ. ಬಟ್ಟೆ ಒಗೆದು ಬದುಕುವ ಸಾದಿಕಾ ಎಂಬ ಅಜ್ಜಿ, ಕಾಯಿಲೆಯ ಮೊಮ್ಮಗನನ್ನು ಅಧಿಕಾರಿಗಳ ಕಣ್ಣು ತಪ್ಪಿಸಿ ಆರು ದಿನ ಕಾಯುತ್ತಾಳೆ. ಆ ಪಾತ್ರಕ್ಕೆ ದಾಲಿದಾ ಕರಿಯ ಮುಸುಕು ಹೊದ್ದು, ಬಣ್ಣ ಒರೆಸಿಕೊಂಡು ಬಂದಳು. ಮಾತು ಪೂರ್ತಿ ಅರಬ್ಬಿ. ನಟಿಯಾಗಲೆಂದು ಕೈರೋ ಬಿಟ್ಟವಳು ನಟಿಯಾದದ್ದು ಕೈರೋಗೆ ಮರಳಿದ ಮೇಲೆ. ವಿಮರ್ಶಕರು ಹೊಗಳಿದರು, ಫ್ರಾನ್ಸಿನಲ್ಲಿ ಚಿತ್ರ ಓಡಲಿಲ್ಲ.

1987ರ ಏಪ್ರಿಲ್ ಕೊನೆಯಲ್ಲಿ ತುರ್ಕಿಯ ಅಂತಾಲ್ಯಾದಲ್ಲಿ ಹಾಡಿದ್ದೇ ಕಡೆಯ ಕಚೇರಿ. ಮೇ 3ರಂದು ಮೊಂಮಾರ್ತ್ರ್ ಗುಡ್ಡದ ಮೇಲಣ ತನ್ನ ಮನೆಯಲ್ಲಿ, ಕ್ಷಮೆ ಬೇಡುವ ಒಂದೆರಡು ಸಾಲು ಬರೆದಿಟ್ಟು, 54ನೆಯ ವಯಸ್ಸಿನಲ್ಲಿ ತಾನಾಗಿ ಹೋಗಿಬಿಟ್ಟಳು. ಆ ಬಾಳನ್ನು ಈ ಕೊನೆಯ ದಿನದಿಂದ ಹಿಂದಕ್ಕೆ ಓದುವುದು ಈಗ ರೂಢಿಯಾಗಿದೆ. ಪ್ರತಿಯೊಂದು ಹಾಡಿನಲ್ಲಿಯೂ ಸಾವಿನ ಸೂಚನೆಯನ್ನು ಹುಡುಕುತ್ತಾರೆ. ಮೂವತ್ತು ವರ್ಷ ಸಂಜೆಯಾದರೆ ವೇದಿಕೆ ಹತ್ತಿದವಳ ದುಡಿಮೆ ಆ ಓದಿನಲ್ಲಿ ಮರೆಯಾಗುತ್ತದೆ.

1997ರಲ್ಲಿ ಮೊಂಮಾರ್ತ್ರ್‌ನ ಒಂದು ಪುಟ್ಟ ಚೌಕಕ್ಕೆ ಆಕೆಯ ಹೆಸರಿಟ್ಟು ಕಂಚಿನ ಎದೆಮಟ್ಟದ ಪ್ರತಿಮೆಯನ್ನು ನಿಲ್ಲಿಸಿದರು. 2017ರಲ್ಲಿ ಆಕೆಯ ಬಾಳು ಚಲನಚಿತ್ರವಾಗಿಯೂ ಬಂದಿತು. ಆದರೆ 1986ರಲ್ಲಿ ‘ಆರನೆಯ ದಿನ’ದ ಬಿಡುಗಡೆಗೆಂದು ಆಕೆ ಶುಬ್ರಾಕ್ಕೆ ಹೋಗಿದ್ದಳು. ಕೇರಿಯ ಜನ ಬೀದಿ ಕಿಕ್ಕಿರಿದು ತಮ್ಮ ಹುಡುಗಿಯನ್ನು ನೋಡಲು ಬಂದಿದ್ದರು.